ಎದ್ದ ಅರ್ಧ ಗಂಟೆಗೆ ಎದೆ ಡವಡವ, ಸಂಜೆ ಅದೇ ಕೆಲಸ ಹಗುರ: ಯಾಕೆ?

ಇದಕ್ಕೆ ಒಂದು ಕಾರಣ ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್‌ನ ಬೆಳಗಿನ ಏರಿಕೆ ಇರಬಹುದು. ಎಚ್ಚರವಾದ 30–45 ನಿಮಿಷದಲ್ಲಿ ಅದು ತುತ್ತತುದಿಗೆ ಹೋಗಿ, ದಿನವಿಡೀ ಇಳಿಯುತ್ತಾ ಮಧ್ಯರಾತ್ರಿಯ ಹೊತ್ತಿಗೆ ತಳ ಮುಟ್ಟುತ್ತದೆ. ನೀವು ಎದ್ದ ಕೂಡಲೇ ಕಾಫಿ ಕುಡಿದು ಆಫೀಸ್ ಮೇಲ್ ತೆರೆಯುವವರಾದರೆ, ಏರುತ್ತಿರುವ ಹೊತ್ತಿಗೇ ಇನ್ನೆರಡು ಹೊರೆ. ಒತ್ತಡಕ್ಕೆ ಸಂಜೆ ಕಾರ್ಟಿಸಾಲ್ ಕಡಿಮೆ ಏರುತ್ತದೆ ಎಂದು ಕೆಲವು ಪ್ರಯೋಗಗಳು ತೋರಿಸಿವೆ, ಎಲ್ಲವೂ ಅಲ್ಲ. ಹಾಗಾಗಿ ನಿಮ್ಮ ದೇಹವನ್ನೇ ಅಳೆದು ನೋಡಿ.

ಮೊದಲ ಮೂರು ದಿನ ಏನೂ ಬದಲಿಸಬೇಡಿ. ಎದ್ದ ತಕ್ಷಣ, 30 ನಿಮಿಷಕ್ಕೆ, ಮತ್ತೆ ಸಂಜೆ 6ಕ್ಕೆ, ಐದು ನಿಮಿಷ ಸುಮ್ಮನೆ ಕೂತು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ನಾಲ್ಕಾಗುತ್ತದೆ. ನಂತರದ ನಾಲ್ಕು ದಿನ ಕಾಫಿಯನ್ನು ಮಾತ್ರ ಒಂದೂವರೆ ಗಂಟೆ ಮುಂದೂಡಿ. ಆಮೇಲಿನ ನಾಲ್ಕು ದಿನ ಮೇಲ್ ಕೂಡ. ಎರಡನ್ನೂ ಒಟ್ಟಿಗೆ ಬಿಟ್ಟರೆ ಕಾರಣ ಯಾವುದೆಂದು ತಿಳಿಯುವುದಿಲ್ಲ. ಏಳುವ ಹೊತ್ತು ರಜೆಯಲ್ಲೂ ಅದೇ ಇರಲಿ. ಎರಡು ಗಂಟೆ ಆಚೀಚೆಯಾದರೆ ಲೆಕ್ಕವೇ ಕೆಡುತ್ತದೆ.

ಕಾರ್ಟಿಸಾಲ್ ರಕ್ತಪರೀಕ್ಷೆಗೆ ಈಗಲೇ ಓಡಬೇಡಿ. ಬೆಳಿಗ್ಗೆ 8ರ ಅಂಕಿಯನ್ನು ಸಂಜೆಯ ಮಿತಿಗೆ ಹೋಲಿಸಿ ಗಾಬರಿಯಾಗುವುದು ಸುಲಭ.

ಕೂತಿದ್ದಾಗಲೂ ನಾಡಿ ಪದೇಪದೇ 100 ದಾಟಿದರೆ, ತೂಕ ಇಳಿದರೆ, ಕೈ ನಡುಗಿದರೆ ವೈದ್ಯರಿಗೆ ಈ ಪಟ್ಟಿ ತೋರಿಸಿ ಥೈರಾಯ್ಡ್, ಹಿಮೋಗ್ಲೋಬಿನ್, ಇಸಿಜಿ ಬೇಕೇ ಕೇಳಿ. ಎದೆನೋವೋ ತಲೆಸುತ್ತೋ ಜೊತೆಗಿದ್ದರೆ ಪಟ್ಟಿಗೆ ಕಾಯದೆ ತಕ್ಷಣವೇ ಆಸ್ಪತ್ರೆಗೆ ಹೋಗಿ.