ನೊಣ ಓಡಿಸುವ ಮೊದಲು ತಿಪ್ಪೆ ಕೆದಕಿ

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ನೊಣದ ದೂರೇ ಹೆಚ್ಚು. ಒಂದೇ ಬಗೆಯವನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮನೆಯಲ್ಲಿ ಎರಡು ಹಸು, ಒಂದು ಕರು ಇವೆ. ಕೊಟ್ಟಿಗೆಯ ಹಿಂದೆಯೇ ತಿಪ್ಪೆ, ಅಲ್ಲಿಂದ ಅಡುಗೆಮನೆ ಬಾಗಿಲಿಗೆ ಇಪ್ಪತ್ತು ಹೆಜ್ಜೆ. ದಿನಾ ಫಿನಾಯಿಲ್ ಹಾಕುತ್ತೇವೆ, ಬ್ಲೀಚಿಂಗ್ ಪುಡಿಯನ್ನೂ ಹಾಕಿ ನೋಡಿದೆವು. ಊಟಕ್ಕೆ ಕೂತರೆ ಒಂದು ಕೈ ತುತ್ತಿಗೆ, ಒಂದು ಕೈ ನೊಣ ಓಡಿಸಲಿಕ್ಕೆ. ಏನು ಮಾಡಬೇಕು? (ಸಾಗರ ತಾಲ್ಲೂಕಿನಿಂದ)

ಉತ್ತರ: ಫಿನಾಯಿಲ್ ಬೀಳುವುದು ನೆಲದ ಮೇಲೆ, ನೊಣ ಹುಟ್ಟುವುದು ಸಗಣಿಯ ಒಳಗೆ. ಒಂದು ಕೋಲು ಹಿಡಿದು ತಿಪ್ಪೆಯ ಅಂಚನ್ನು ನಾಲ್ಕು ಬೆರಳು ಆಳ ಕೆದಕಿ ನೋಡಿ. ಕೆನೆ ಬಣ್ಣದ ಹುಳುಗಳು ಮಿಜಿಗುಡುತ್ತಿರುತ್ತವೆ. ಒಂದು ತುದಿ ಚೂಪು, ಇನ್ನೊಂದು ತುದಿ ಕತ್ತರಿಸಿಟ್ಟ ಹಾಗೆ ಮೊಂಡು. ಪಕ್ಕದ ತುಸು ಒಣಗಿದ ಜಾಗದಲ್ಲಿ ಗೋಧಿ ಕಾಳಿನಷ್ಟು ದಪ್ಪದ ಕಂದು ಕೋಶಗಳಿರುತ್ತವೆ. ಮುಂದಿನ ವಾರ ನಿಮ್ಮ ತಟ್ಟೆಯ ಮೇಲೆ ಕೂರುವವು ಇವೇ. ಬ್ಲೀಚಿಂಗ್ ಪುಡಿಯನ್ನಂತೂ ಇವತ್ತೇ ನಿಲ್ಲಿಸಿ. ಗಂಜಲದ ಜೊತೆ ಸೇರಿದರೆ ಕಣ್ಣು, ಗಂಟಲು ಉರಿಸುವ ಅನಿಲ ಏಳುತ್ತದೆ, ಕಟ್ಟಿಹಾಕಿದ ದನಕ್ಕೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಮನೆನೊಣ ಒಂದು ಸಲಕ್ಕೆ ನೂರು, ನೂರೈವತ್ತು ಮೊಟ್ಟೆ ಇಡುತ್ತದೆ, ಬದುಕಿನಲ್ಲಿ ನಾಲ್ಕೈದು ಸಲ. ಬೆಚ್ಚಗಿದ್ದರೆ ಮೊಟ್ಟೆ ಒಂದೇ ದಿನದಲ್ಲಿ ಒಡೆಯುತ್ತದೆ, ಹುಳು ನಾಲ್ಕೈದು ದಿನ ತಿಂದು ಬೆಳೆಯುತ್ತದೆ, ಕೋಶದೊಳಗೆ ಮತ್ತೆ ನಾಲ್ಕೈದು ದಿನ. ಅಂದರೆ ಹತ್ತು ದಿನಕ್ಕೆ ಒಂದು ತಲೆಮಾರು. ಹಾಗಾಗಿ ತಿಪ್ಪೆಯ ಕೆಲಸ ಆರು ದಿನಕ್ಕೊಮ್ಮೆ ಆಗಲೇಬೇಕು. ಹದಿನೈದು ದಿನಕ್ಕೊಮ್ಮೆ ಎಷ್ಟೇ ಚೆನ್ನಾಗಿ ಮಾಡಿದರೂ ನಡುವೆ ಒಂದು ತಂಡ ಹಾರಿ ಹೋಗಿರುತ್ತದೆ.

ಹುಳುವಿಗೆ ಆಗದ್ದು ಎರಡು: ಒಣಗು ಮತ್ತು ಬಿಸಿ. ಮಳೆಗಾಲದಲ್ಲಿ ಒಣಗಿಸುವ ಮಾತಿಲ್ಲ, ಬಿಸಿಯನ್ನೇ ನಂಬಬೇಕು. ಈಗ ನಿಮ್ಮ ತಿಪ್ಪೆ ಬಹುಶಃ ಅಗಲವಾಗಿ, ಮೊಣಕಾಲೆತ್ತರಕ್ಕೆ ಹರಡಿಕೊಂಡಿದೆ. ಅಂಥದ್ದು ಕಾವು ಹಿಡಿಯುವುದಿಲ್ಲ. ಅದನ್ನು ನಾಲ್ಕು ಅಡಿ ಅಗಲ, ಕನಿಷ್ಠ ಮೂರು ಅಡಿ ಎತ್ತರದ ರಾಶಿ ಮಾಡಿ. ಬರೀ ಸಗಣಿ ಗಾರೆಯಂತೆ ಅಂಟಿಕೊಂಡು ಒಳಗೆ ಗಾಳಿ ಬಿಡುವುದಿಲ್ಲ, ಆದ್ದರಿಂದ ಒಂದು ಬುಟ್ಟಿ ಸಗಣಿಗೆ ಒಂದು ಬುಟ್ಟಿ ತರಗೆಲೆ ಅಥವಾ ಮುರುಕು ಹುಲ್ಲು ಬೆರೆಸಿ. ಹದ ಹೀಗಿರಬೇಕು: ಒಂದು ಹಿಡಿ ಹಿಂಡಿದರೆ ಬೆರಳಸಂದಿ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು.

ದಿನದ ಸಗಣಿಯನ್ನು ರಾಶಿಯ ಮೇಲೆ ಎಸೆಯಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ನಡುವೆ ಗುಳಿ ತೋಡಿ, ಹೊಸದನ್ನು ಅದರೊಳಗೆ ಹಾಕಿ, ಮೇಲೆ ಹಳೆಯ ಬಿಸಿ ಗೊಬ್ಬರವನ್ನು ಒಂದು ಗೇಣು ಮುಚ್ಚಿ. ನೊಣ ಮೊಟ್ಟೆ ಇಡುವುದು ಹಸಿ ಸಗಣಿಯ ಮೈಮೇಲೆ, ಆ ಮೈಯೇ ಸಿಗದಂತಾಗುತ್ತದೆ. ಕೊನೆಗೆ ಇಡೀ ರಾಶಿಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಅಥವಾ ಟಾರ್ಪಾಲು ಹೊದಿಸಿ, ಸುತ್ತಲೂ ಅಂಚಿಗೆ ಮಣ್ಣು ಒತ್ತಿ. ಮೂಲೆಗೊಂದು ಕಲ್ಲು ಹೇರಿದರೆ ಸಾಲದು, ಸಂದಿಯಲ್ಲಿ ನೊಣ ಒಳಗೆ ನುಗ್ಗುತ್ತದೆ.

ಕಾವು ಹಿಡಿದಿದೆಯೇ ಎಂದು ನೋಡಲು ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಡಿ. ಹೊರತೆಗೆದಾಗ ತುದಿಯನ್ನು ಹಿಡಿದುಕೊಂಡಿರಲು ಆಗಬಾರದು. ಹೊರಗೆ ತಣ್ಣಗಿರುವುದರಿಂದ ಹುಳುಗಳೆಲ್ಲ ಅಂಚಿಗೆ ಸರಿದು ಕೂರುತ್ತವೆ. ಆರು ದಿನಕ್ಕೊಮ್ಮೆ ಮಗುಚುವಾಗ ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ ಹಾಕುವುದು ಅದಕ್ಕೇ. ರಾಶಿಯ ಬುಡದ ಸುತ್ತಲಿನ ಸಡಿಲ ಮಣ್ಣನ್ನೂ ಕೆರೆದು ಒಳಗೆ ಸೇರಿಸಿ, ಕೋಶಗಳು ಅಡಗಿರುವುದು ಅಲ್ಲಿ. ಮನೆಯಲ್ಲಿ ನಾಟಿ ಕೋಳಿ ಇದ್ದರೆ ಮಗುಚುವ ಹೊತ್ತಿಗೆ ಬಿಡಿ, ಉಳಿದದ್ದನ್ನು ಅವು ನೋಡಿಕೊಳ್ಳುತ್ತವೆ.

ಕೊಟ್ಟಿಗೆಯ ನೆಲ ಗಂಜಲದ ಕಾಲುವೆಯ ಕಡೆಗೆ ಐದಡಿಗೆ ಒಂದು ಇಂಚಿನಷ್ಟಾದರೂ ಇಳಿಜಾರಿರಲಿ. ಕಲ್ಲಿನ ಸಂದಿಯಲ್ಲಿ ಗಂಜಲ, ಹುಲ್ಲು ಸೇರಿ ಕೊಳೆತರೆ ಇನ್ನೊಂದು ನೊಣ ಹುಟ್ಟುತ್ತದೆ: ನೋಡಲು ಮನೆನೊಣದ ಹಾಗೆಯೇ, ಆದರೆ ಮೂತಿ ಸೂಜಿಯಂತೆ ಮುಂದಕ್ಕೆ ಚಾಚಿರುತ್ತದೆ, ದನದ ಕಾಲಿಗೆ ಕಚ್ಚಿ ರಕ್ತ ಹೀರುತ್ತದೆ. ಹಸು ಸುಮ್ಮನೆ ನಿಲ್ಲದೆ ಕಾಲು ಝಾಡಿಸುತ್ತಿದ್ದರೆ ಈ ಸಂದಿಗಳನ್ನು ಮೊದಲು ಕೆರೆದು ಗಾರೆ ಹಾಕಿ.

ಇಷ್ಟೆಲ್ಲ ಮಾಡಿದ ಮೊದಲ ವಾರ ನೊಣ ಕಡಿಮೆಯಾಗುವುದಿಲ್ಲ. ಆಗಲೇ ಹಾರುತ್ತಿರುವವು ಎರಡು ಮೂರು ವಾರ ಬದುಕುತ್ತವೆ. ಬಹಳ ಜನ ಕೈಬಿಡುವುದು ಇದೇ ಹೊತ್ತಿನಲ್ಲಿ. ಮೂರನೇ ವಾರ ನೋಡಿ ಹೇಳಿ.

ಪ್ರಶ್ನೆ: ತಿಪ್ಪೆಗೆ ಸುಣ್ಣ ಹಾಕಬಹುದೇ? ಕೀಟನಾಶಕ ಸಿಂಪಡಿಸಿದರೆ? (ಚನ್ನರಾಯಪಟ್ಟಣ ಮತ್ತು ಮಂಡ್ಯದಿಂದ)

ಉತ್ತರ: ಸುಣ್ಣವನ್ನು ಕೊಟ್ಟಿಗೆಯ ಕಾಲುವೆಗೆ, ಬಚ್ಚಲು ನೀರು ನಿಲ್ಲುವ ಜಾಗಕ್ಕೆ ತೆಳ್ಳಗೆ ಉದುರಿಸಿ. ತಿಪ್ಪೆಗೆ ಬೇಡ. ಸುಣ್ಣ ಬಿದ್ದ ಸಗಣಿಯಿಂದ ಮೂಗಿಗೆ ಘಾಟು ಹೊಡೆಯುತ್ತದಲ್ಲ, ಅದು ಅಮೋನಿಯ. ಬೆಳೆಗೆ ಸಿಗಬೇಕಾದ ಸಾರಜನಕ ಹಾಗೆ ಗಾಳಿಪಾಲಾಗುತ್ತದೆ. ಕೀಟನಾಶಕ ಇನ್ನೂ ನಷ್ಟದ ಬಾಬತ್ತು. ತಿಪ್ಪೆಯಲ್ಲಿ ನೊಣದ ಮೊಟ್ಟೆ, ಮರಿಹುಳು ತಿನ್ನುವ ನುಸಿ, ದುಂಬಿಗಳಿವೆ. ಕೋಶಕ್ಕೆ ತೂತು ಕೊರೆದು ಒಳಗೆ ಮೊಟ್ಟೆ ಇಡುವ ಸಣ್ಣ ಕಣಜಗಳಿವೆ. ಔಷಧಿಗೆ ಮೊದಲು ಸಾಯುವವು ಅವು. ನೊಣ ತಿಂಗಳೊಳಗೆ ಮರಳುತ್ತದೆ, ಅವು ಅಷ್ಟು ಬೇಗ ಮರಳುವುದಿಲ್ಲ.

ಪ್ರಶ್ನೆ: ನಮಗೆ ದನವಿಲ್ಲ. ಹಿತ್ತಿಲಲ್ಲಿ ಮಡಕೆ ಕಾಂಪೋಸ್ಟ್ ಇಟ್ಟಿದ್ದೇವೆ. ಮುಚ್ಚಳ ತೆಗೆದರೆ ಮುಖಕ್ಕೇ ನೊಣ, ಒಳಗೆ ದಪ್ಪ ಹುಳು. ಎಲ್ಲ ಎಸೆದುಬಿಡೋಣವೇ? (ಬೆಂಗಳೂರು)

ಉತ್ತರ: ಎಸೆಯುವ ಮೊದಲು ಹುಳುವನ್ನು ಒಮ್ಮೆ ಸರಿಯಾಗಿ ನೋಡಿ. ಬೂದು ಮಿಶ್ರಿತ ಕಂದು ಬಣ್ಣ, ಚಪ್ಪಟೆ ಮೈ, ಗಟ್ಟಿ ಚರ್ಮ, ಉದ್ದ ಎರಡು ಸೆಂಟಿಮೀಟರ್ ಹತ್ತಿರ ಇದ್ದರೆ ಅದು ಕಪ್ಪು ಸೈನಿಕ ನೊಣದ ಮರಿ. ದೊಡ್ಡದಾದ ಮೇಲೆ ಆ ನೊಣ ನಿಮ್ಮ ಊಟದ ತಂಟೆಗೆ ಬರುವುದಿಲ್ಲ, ಮರಿಯಾಗಿದ್ದಾಗ ಕಾಂಪೋಸ್ಟನ್ನೂ ಬೇಗ ಮಾಡಿಕೊಡುತ್ತದೆ. ನೋಡಲು ಅಸಹ್ಯ, ಅಷ್ಟೇ. ಬಿಳಿ ಚೂಪು ಹುಳುವಾದರೆ ಮನೆನೊಣದ್ದು. ಮುಖಕ್ಕೆ ಹಾರುವ ಸಾಸಿವೆ ಗಾತ್ರದವು ಹಣ್ಣಿನ ನೊಣಗಳು.

ಎರಡಕ್ಕೂ ಕಾರಣ ನೀರು. ಸಾರು, ಮೊಸರನ್ನ, ಮಜ್ಜಿಗೆ ಮಡಕೆಗೆ ಹೋಗಬಾರದು. ಒಂದು ಲೋಟ ತರಕಾರಿ ಸಿಪ್ಪೆಗೆ ಎರಡು ಲೋಟ ಒಣ ಎಲೆಪುಡಿ ಅಥವಾ ತೆಂಗಿನ ನಾರಿನ ಪುಡಿ ಹಾಕಿ, ಮೇಲಿನ ಎರಡು ಇಂಚು ಯಾವಾಗಲೂ ಒಣದ್ದೇ ಇರಲಿ. ಬಾಯಿಗೆ ಹಳೆಯ ಪಂಚೆಯ ಬಟ್ಟೆ ಬಿಗಿಯಾಗಿ ಕಟ್ಟಿ. ಬಾಳೆಹಣ್ಣಿನ ಸಿಪ್ಪೆಯಲ್ಲಿ ನೊಣದ ಮೊಟ್ಟೆ ಮೊದಲೇ ಇರಬಹುದು, ಬಿಸಿನೀರಲ್ಲಿ ಅದ್ದಿ, ನೀರು ಬಸಿದು ಹಾಕಿ. ಈಗಾಗಲೇ ಹಾರುತ್ತಿರುವುದಕ್ಕೆ ಅರ್ಧ ಲೋಟ ವಿನೆಗರ್, ಎರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಪಕ್ಕದಲ್ಲಿಡಿ. ಸೋಪು ಇಲ್ಲದಿದ್ದರೆ ನೊಣ ನೀರಿನ ಮೇಲೆ ಕೂತು ಕುಡಿದು ಎದ್ದು ಹೋಗುತ್ತದೆ, ಮುಳುಗುವುದಿಲ್ಲ.

ಪ್ರಶ್ನೆ: ಬಾಟಲಿಯಲ್ಲಿ ನೊಣದ ಬೋನು ಮಾಡುವುದು ಹೇಗೆ? ಬೆಲ್ಲದ ನೀರು ಇಟ್ಟರೆ ಜೇನುನೊಣವೇ ಬೀಳುತ್ತಿದೆ. (ಯಲ್ಲಾಪುರ)

ಉತ್ತರ: ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಮುಚ್ಚಳ ತೆಗೆದು, ಬೋರಲಾಗಿ ಕೆಳಭಾಗದೊಳಗೆ ಕೂರಿಸಿ, ಅಂಚಿಗೆ ಟೇಪು ಸುತ್ತಿ. ಒಳಗೆ ಕಾಲು ಲೀಟರ್ ನೀರು, ನಿಂಬೆಹಣ್ಣು ಗಾತ್ರದ ಬೆಲ್ಲ, ಚಿಟಿಕೆ ಯೀಸ್ಟ್, ಒಂದು ಚಮಚ ವಿನೆಗರ್. ಜೇನು ದೂರ ಉಳಿಯುವುದು ಈ ಹುಳಿಗೆ. ಮೀನು ತಿನ್ನುವವರ ಮನೆಯಾದರೆ ಬೆಲ್ಲವೇ ಬೇಡ, ನಾಲ್ಕು ಒಣ ಸೀಗಡಿ ನೀರಿಗೆ ಹಾಕಿದರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಜೇನು ಹತ್ತಿರ ಸುಳಿಯುವುದೂ ಇಲ್ಲ. ದ್ರವ ಆಲಿಕೆಯ ತುದಿಗಿಂತ ಎರಡು ಇಂಚು ಕೆಳಗಿರಲಿ.

ಅಡುಗೆಮನೆ ಕಿಟಕಿಗೆ ನೇತುಹಾಕಬೇಡಿ, ಇಲ್ಲದ ನೊಣವನ್ನು ಕರೆದಂತಾಗುತ್ತದೆ. ಮನೆಯಿಂದ ಇಪ್ಪತ್ತು ಅಡಿ ಆಚೆ, ತಿಪ್ಪೆಯ ಕಡೆ, ಮಳೆ ಬೀಳದಲ್ಲಿ ಇಡಿ. ನಾಲ್ಕು ದಿನಕ್ಕೊಮ್ಮೆ ಒಂದಡಿ ಗುಂಡಿ ತೋಡಿ ಒಳಗಿನದನ್ನು ಹೂಳಿ. ತಡಮಾಡಿದರೆ ಬೋನಿನೊಳಗೇ ಹುಳು ಹುಟ್ಟುತ್ತದೆ.

ಪ್ರಶ್ನೆ: ಕರ್ಪೂರ, ಲವಂಗ ಚುಚ್ಚಿದ ನಿಂಬೆ, ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಯಾವುದು ಒಳ್ಳೆಯದು? (ಹಲವರು)

ಉತ್ತರ: ಟೇಬಲ್ ಫ್ಯಾನು. ಎದುರುಗಾಳಿಗೆ ನೊಣ ಹಾರಲಾರದು, ಊಟದ ಜಾಗಕ್ಕೆ ಅದೊಂದು ಸಾಕು.

ಪ್ರಶ್ನೆ: ಹಿತ್ತಿಲು ಚೊಕ್ಕವಾಗಿದೆ. ಆದರೂ ಎರಡು ದಿನದಿಂದ ಹೊಳೆಯುವ ಹಸಿರು ನೊಣಗಳು ಬಂದಿವೆ. (ದಾವಣಗೆರೆ)

ಉತ್ತರ: ಹತ್ತಿರದಲ್ಲಿ ಇಲಿಯೋ ಹೆಗ್ಗಣವೋ ಸತ್ತಿದೆ. ಸೌದೆ ಒಟ್ಟಿಲ ಹಿಂದೆ, ಹೆಂಚಿನ ಸಂದಿ, ನೀರಿನ ಟ್ಯಾಂಕಿನ ಬುಡ ನೋಡಿ. ಇಲಿ ಪಾಷಾಣ ಇಟ್ಟಿದ್ದರೆ ಅನುಮಾನವೇ ಇಲ್ಲ. ತೆಗೆದು ಎರಡಡಿ ಆಳದಲ್ಲಿ ಹೂಳಿ.

ಪ್ರಶ್ನೆ: ಪಕ್ಕದ ಶುಂಠಿ ಹೊಲಕ್ಕೆ ಲಾರಿಗಟ್ಟಲೆ ಕೋಳಿಗೊಬ್ಬರ ತಂದು ಸುರಿದಿದ್ದಾರೆ. ನಮ್ಮ ಹಿತ್ತಿಲು ಎಷ್ಟು ಚೊಕ್ಕ ಮಾಡಿದರೇನು? (ಸಕಲೇಶಪುರ ಕಡೆಯಿಂದ)

ಉತ್ತರ: ನಿಮ್ಮ ಮಾತು ನಿಜ, ನೊಣ ಒಂದೆರಡು ಕಿಲೋಮೀಟರ್ ಸುಲಭವಾಗಿ ಬರುತ್ತದೆ. ಕೋಳಿಗೊಬ್ಬರ ಒಣಗಿರುವವರೆಗೆ ನೊಣವಿಲ್ಲ, ಒಂದು ಮಳೆ ಬಿದ್ದರೆ ಶುರು. ಹೊಲದವರೊಡನೆ ಜಗಳಕ್ಕಿಂತ ಲೆಕ್ಕದ ಮಾತು ನಡೆಯುತ್ತದೆ: ನೆನೆದ ರಾಶಿಯಿಂದ ಸಾರ ಸೋರಿ ಹೋಗುವುದು ಅವರದ್ದೇ ದುಡ್ಡು. ಇಳಿಸಿದ ದಿನವೇ ಟಾರ್ಪಾಲು ಹೊದಿಸಲಿ, ವಾರದೊಳಗೆ ಮಣ್ಣಿಗೆ ಸೇರಿಸಲಿ. ಒಪ್ಪದಿದ್ದರೆ ಗ್ರಾಮ ಪಂಚಾಯ್ತಿಗೆ ಲಿಖಿತ ದೂರು ಕೊಡಿ, ರಾಶಿಯ ಫೋಟೋ ಮತ್ತು ತಂದು ಹಾಕಿದ ದಿನಾಂಕ ಜೊತೆಗಿರಲಿ.