‘ಕ್ಯಾಸಲ್‌ವೇನಿಯಾ’ ವಿಡಿಯೋ ಗೇಮ್ ಸರಣಿಯ ಆಟಗಳನ್ನು ಮಾಡಿದವರು ಯಾರು ಅಂತ ತಿಳಿಯಲು ಆಟದ ಕೊನೆಯಲ್ಲಿ ಬರುವ ಹೆಸರುಗಳನ್ನು ನಂಬಬಹುದಾ?

1986ರ ಮೊದಲ ಆಟದಲ್ಲಿ ನಂಬಬೇಡಿ. ಅದನ್ನು ಗೆದ್ದರೆ ಪರದೆ ಮೇಲೆ ಚಿತ್ರಕಥೆ ‘ವ್ರಾನ್ ಸ್ಟೋಕರ್’, ಸಂಗೀತ ‘ಜೇಮ್ಸ್ ಬನಾನಾ’ ಅಂತ ಬರುತ್ತದೆ. ಮೊದಲನೆಯದು ‘ಡ್ರಾಕುಲಾ’ ಬರೆದ ಬ್ರಾಮ್ ಸ್ಟೋಕರ್ ಹೆಸರನ್ನೇ ತಿರುಚಿದ್ದು, ಅಲ್ವಾ? ನಿಜಕ್ಕೂ ಸಂಗೀತ ಮಾಡಿದವರು ಕಿನುಯೊ ಯಮಶಿತಾ ಮತ್ತು ಸತೋಎ ತೆರಶಿಮಾ. ಅಷ್ಟು ಚೆಂದದ ರಾಗಗಳಿಗೆ ಅವರ ಹೆಸರೇ ಇಲ್ಲ ಅನ್ನೋದು ನನಗೆ ಬೇಸರದ ವಿಷಯ.

ಅದೇ ಸರಣಿಯ 1997ರ ‘ಸಿಂಫನಿ ಆಫ್ ದ ನೈಟ್’ ಹಾಗಲ್ಲ. ಅದರಲ್ಲಿ ನಿಜವಾದ ಹೆಸರುಗಳಿವೆ. ನಿರ್ದೇಶಕ ಕೋಜಿ ಇಗರಾಶಿ ಅಂತ ಜಾಸ್ತಿ ಜನ ಬರೆಯುತ್ತಾರೆ. ಆದರೆ ಆಟದಲ್ಲಿರುವ ಪ್ರಕಾರ ನಿರ್ದೇಶಕ ತೋರು ಹಗಿಹಾರಾ, ಇಗರಾಶಿ ಸಹಾಯಕ ನಿರ್ದೇಶಕ.

ಯಾವ ಯಂತ್ರದ ಆಟ ಅಂತಲೂ ನೋಡಿ. ‘ಸಿಂಫನಿ ಆಫ್ ದ ನೈಟ್’ನಲ್ಲಿ ‘ಮರಿಯಾ ಅನ್ನೋ ಪಾತ್ರವಾಗಿ ಆಡಬಹುದು’ ಅನ್ನೋದು 1998ರ ಸ್ಯಾಟರ್ನ್ ಯಂತ್ರದ ಆವೃತ್ತಿಗೆ ಸರಿ. ಮೊದಲು ಬಂದ ಪ್ಲೇಸ್ಟೇಷನ್ ಆಟಕ್ಕೆ ತಪ್ಪು.