ಸರ್ಕಾರಿ ಕಚೇರಿಯ ಖರೀದಿ ನಿಯಮ ಬರೆಯೋರು ಯಾರು, ಬದಲಿಸೋರು ಯಾರು?

ನೀವು ಕೇಳಿದ್ದು ಇಷ್ಟು: ಗದಗದಲ್ಲಿ ಶಾಲೆ, ಕಚೇರಿಗಳಿಗೆ ಡೆಸ್ಕು, ಬೆಂಚು, ಕಬ್ಬಿಣದ ಕಪಾಟು ಮಾಡಿಕೊಡುವ ಸಣ್ಣ ಶೆಡ್ ಇಟ್ಟಿದ್ದೀರಿ. ಹೋದ ವರ್ಷ ಒಂದು ಕಚೇರಿಗೆ ಕೊಟೇಶನ್ ಕೊಟ್ಟು ಆರ್ಡರ್ ಪಡೆದಿರಿ. ಈ ವರ್ಷ ಅದೇ ಕಚೇರಿಯವರು "ನಮ್ಮ ಒಳಗಿನ ನಿಯಮ ಬದಲಾಗಿದೆ, ನಿಮಗೆ ಕೊಡೋಕೆ ಬರೋದಿಲ್ಲ" ಅಂದರು. ಈ ಒಳಗಿನ ನಿಯಮ ಅಂದರೆ ಏನು, ಸಾಹೇಬರು ಮನಸ್ಸಿಗೆ ಬಂದಂತೆ ಬದಲಿಸಬಹುದಾ?

ನಾನು ಧಾರವಾಡದ ಒಂದು ಸರ್ಕಾರಿ ಸಂಸ್ಥೆಯ ಖರೀದಿ ಶಾಖೆಯಲ್ಲಿ ಹದಿನೆಂಟು ವರ್ಷ ಕೂತವನು. ಮೊದಲು ಕೇಸ್ ವರ್ಕರ್, ಆಮೇಲೆ ಸೂಪರಿಂಟೆಂಡೆಂಟ್. ಈಗ ನಿವೃತ್ತ. ಇಂಥ "ಒಳಗಿನ ನಿಯಮ" ಹತ್ತಾರು ನನ್ನ ಕೈಯಿಂದಲೇ ಹೊರಟಿವೆ. ಅವುಗಳಲ್ಲಿ ಒಂದು ಕೆಟ್ಟದ್ದೂ ಇತ್ತು, ಅದನ್ನೂ ಹೇಳುತ್ತೇನೆ.

ಬದಲಿಸಬಹುದಾ ಅಂದರೆ, ಬದಲಿಸಬಹುದು. ಆದರೆ ಒಂದೇ ದಿಕ್ಕಿಗೆ. ಕಾಯ್ದೆ ಹಾಕಿದ ಬೇಲಿಯನ್ನು ಕಚೇರಿ ತನ್ನ ಕಡೆಗೆ ಇನ್ನಷ್ಟು ಒಳಗೆ ಎಳೆದುಕೊಳ್ಳಬಹುದು, ಹೊರಗೆ ಸರಿಸೋಕೆ ಬರೋದಿಲ್ಲ. ಅಂದರೆ ಕಾಯ್ದೆಗಿಂತ ಬಿಗಿ ಮಾಡಬಹುದು, ಕಾಯ್ದೆಗಿಂತ ಸಡಿಲ ಮಾಡೋ ಹಾಗಿಲ್ಲ. ಹಾಗಾಗಿ ಯಾರಾದರೂ "ನಿಯಮ" ಅಂದಾಗ ನಾನು ಮೊದಲು ಕೇಳೋದು, ಅದು ಯಾವ ಕಾಗದದಲ್ಲಿದೆ ಅಂತ. ಕಾಯ್ದೆಯಲ್ಲಾ, ಸರ್ಕಾರಿ ಆದೇಶದಲ್ಲಾ, ಕಚೇರಿಯ ಸುತ್ತೋಲೆಯಲ್ಲಾ, ಇಲ್ಲಾ ಬರೀ ಬಾಯಲ್ಲಾ?

ಹುಬ್ಬಳ್ಳಿಯಲ್ಲಿ ಒಂದು ಸುತ್ತು ಹಾಕಿದರೆ ಇದು ಬೇಗ ತಿಳಿಯುತ್ತದೆ. ಗದಗ ರಸ್ತೆಯ ರೈಲ್ ಸೌಧದಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇದೆ. ಅದು ದಿಲ್ಲಿಯ ಲೆಕ್ಕ. ನವನಗರದ ಹೆಸ್ಕಾಂ ಅಂದರೆ ಕರೆಂಟಿನವರು, ಗೋಕುಲ ರಸ್ತೆಯ ವಾಯವ್ಯ ಸಾರಿಗೆ ಅಂದರೆ ಬಸ್ಸಿನವರು, ಮಹಾನಗರ ಪಾಲಿಕೆ ಇವೆಲ್ಲ ಬೆಂಗಳೂರಿನ ಲೆಕ್ಕ. ಕೊಳ್ಳುವ ಕುರ್ಚಿ ಒಂದೇ ಇರಬಹುದು, ಕೊಳ್ಳುವ ನಿಯಮದ ಪುಸ್ತಕ ಬೇರೆ ಬೇರೆ.

ರಾಜ್ಯದ ಪುಸ್ತಕದ ಪೂರ್ತಿ ಹೆಸರು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಹಾಗೆ ಯಾರೂ ಕರೆಯೋದಿಲ್ಲ, ಎಲ್ಲರ ಬಾಯಲ್ಲೂ ಕೆಟಿಪಿಪಿ. ತಮಿಳುನಾಡು 1998ರಲ್ಲಿ ಇಂಥದ್ದೊಂದು ಕಾಯ್ದೆ ಮಾಡಿತ್ತು, ಮರುವರ್ಷ ನಮ್ಮದು ಬಂತು. ಅದರ ಕೆಳಗಿನ ನಿಯಮಗಳು 2000ದಲ್ಲಿ ಬಂದವು. ಕಾಯ್ದೆ ಬದಲಾಗಬೇಕಾದರೆ ವಿಧಾನಮಂಡಲಕ್ಕೆ ಹೋಗಲೇಬೇಕು. ನಿಯಮವನ್ನು ಸರ್ಕಾರ ಅಧಿಸೂಚನೆ ಹೊರಡಿಸಿ ಬದಲಿಸುತ್ತದೆ, ಆ ಫೈಲು ಓಡಾಡೋದು ಆರ್ಥಿಕ ಇಲಾಖೆಯಲ್ಲಿ. ಧಾರವಾಡದಲ್ಲಿ ಕೂತ ಯಾವ ಸಾಹೇಬರಿಗೂ ಅದರ ಒಂದು ಅಕ್ಷರ ತಿದ್ದುವ ಅಧಿಕಾರ ಇಲ್ಲ.

ಕೇಂದ್ರದಲ್ಲಿ ತಮಾಷೆ ಏನು ಅಂದರೆ, ಅಲ್ಲಿ ಇಂಥ ಕಾಯ್ದೆಯೇ ಇಲ್ಲ. 2012ರಲ್ಲಿ ಲೋಕಸಭೆಯಲ್ಲಿ ಒಂದು ಮಸೂದೆ ಮಂಡಿಸಿದ್ದರು, ಅದು ಪಾಸಾಗಲೇ ಇಲ್ಲ. ಹಾಗಾಗಿ ಅಲ್ಲಿ ನಡೆಯೋದು ಹಣಕಾಸು ಸಚಿವಾಲಯದ ಸಾಮಾನ್ಯ ಹಣಕಾಸು ನಿಯಮಗಳ ಮೇಲೆ, ಅಂದರೆ ಜಿಎಫ್‌ಆರ್. ರೈಲ್ವೆಗೆ ಅದರ ಜೊತೆಗೆ ತನ್ನದೇ ಸ್ಟೋರ್ಸ್ ಕೋಡ್ ಇದೆ. ಯಾವ ಅಧಿಕಾರಿ ಎಷ್ಟು ರೂಪಾಯಿವರೆಗೆ ಸಹಿ ಹಾಕಬಹುದು ಅನ್ನುವ ಪಟ್ಟಿಯೂ ಬೇರೆ.

ಈ ಸಹಿಯ ಪಟ್ಟಿ ನಿಜವಾದ ಒಳಗಿನ ನಿಯಮ. ನಮ್ಮ ಕಡೆ ಅದಕ್ಕೆ ಆರ್ಥಿಕ ಅಧಿಕಾರ ಪ್ರತ್ಯಾಯೋಜನೆ ಅನ್ನುತ್ತಾರೆ. ಹೆಸರು ಕೇಳಿಯೇ ಅರ್ಧ ಜನ ಫೈಲು ಮುಚ್ಚುತ್ತಾರೆ. ವಿಷಯ ಸರಳ: ಶಾಖೆಯ ಅಧಿಕಾರಿ ಇಷ್ಟರವರೆಗೆ, ಮುಖ್ಯಸ್ಥರು ಇಷ್ಟರವರೆಗೆ, ಅದಕ್ಕಿಂತ ಮೇಲೆ ಮಂಡಳಿಗೆ ಅಥವಾ ಸರ್ಕಾರಕ್ಕೆ. ಇದರ ಪಕ್ಕದಲ್ಲಿ ಸುತ್ತೋಲೆಗಳು ಇರುತ್ತವೆ. ಕೊಟೇಶನ್ ಹೇಗೆ ತೆರೆಯಬೇಕು, ಖರೀದಿ ಸಮಿತಿಯಲ್ಲಿ ಯಾರಿರಬೇಕು, ಮಾಲು ಬಂದಾಗ ಯಾರು ಎಣಿಸಬೇಕು ಅಂತ. ನಿಮಗೆ ಅಡ್ಡ ಬಂದದ್ದು ಹೆಚ್ಚಾಗಿ ಇವುಗಳಲ್ಲಿ ಒಂದು.

ಈಗ ಸುತ್ತೋಲೆ ಹುಟ್ಟೋದು ಹೇಗೆ? ಯಾರೋ ಕೂತು "ಚೆನ್ನಾಗಿ ಕೊಳ್ಳೋದು ಹೇಗೆ" ಅಂತ ಯೋಚಿಸಿ ಬರೆಯುತ್ತಾರೆ ಅಂದುಕೊಂಡಿದ್ದರೆ, ಇಲ್ಲ. ಆಡಿಟ್‌ನಿಂದ ಹುಟ್ಟುತ್ತದೆ.

ನಮ್ಮಲ್ಲಿ ಒಮ್ಮೆ ಕಾಗದ, ಪೆನ್ನು, ಫೈಲು ಕೊಂಡಿದ್ದರು. ಸಣ್ಣ ಮೊತ್ತ, ಮೂರು ಕೊಟೇಶನ್ ಮೇಲೆ ಆಗಿತ್ತು. ಮುಂದಿನ ವರ್ಷ ಆಡಿಟ್‌ಗೆ ಬಂದ ಒಬ್ಬ ಹುಡುಗ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟ. ಮೂರು ಅಂಗಡಿ, ಮೂರು ಲೆಟರ್‌ಹೆಡ್. ಆದರೆ ಮೂರರಲ್ಲೂ "ಲೆಡ್ಜರ್" ಪದ ಒಂದೇ ಥರ ತಪ್ಪು! ಒಂದೇ ಕಂಪ್ಯೂಟರಿನಲ್ಲಿ ಟೈಪ್ ಆದದ್ದು ಅಂತ ಹೇಳೋಕೆ ಸಿಬಿಐ ಬೇಕಾಗಲಿಲ್ಲ. ಆಕ್ಷೇಪಣೆ ಬರೆದ. ಅದಕ್ಕೆ ನಾವು ಅನುಪಾಲನಾ ವರದಿ, ಅಂದರೆ ಏನು ಸರಿಪಡಿಸಿದೆವು ಅನ್ನುವ ಉತ್ತರ, ಕೊಡಬೇಕು. ದುಡ್ಡು ಆಗಲೇ ಹೋಗಿದೆ, ಪೆನ್ನುಗಳು ಖಾಲಿಯಾಗಿವೆ. ವರದಿಯಲ್ಲಿ ಬರೆಯೋಕೆ ಒಂದೇ ವಾಕ್ಯ ಉಳಿದಿರುತ್ತದೆ: "ಮುಂದೆ ಹೀಗಾಗದಂತೆ ಸುತ್ತೋಲೆ ಹೊರಡಿಸಲಾಗಿದೆ." ಆ ವಾಕ್ಯ ಸುಳ್ಳಾಗಬಾರದಲ್ಲ, ಅದಕ್ಕೆ ಅದೇ ಸಂಜೆ ಸುತ್ತೋಲೆ ಹೊರಡುತ್ತದೆ. ಎಲ್ಲ ಕೊಟೇಶನ್ ಸೀಲ್ ಮಾಡಿದ ಲಕೋಟೆಯಲ್ಲಿ ಬರಬೇಕು, ಟಪಾಲು ಶಾಖೆಯ ಮೂಲಕವೇ ಬರಬೇಕು, ಇಬ್ಬರ ಎದುರಿಗೆ ತೆರೆಯಬೇಕು.

ನಮ್ಮ ಶಾಖೆಯ ಸುತ್ತೋಲೆ ಫೈಲು ತೆಗೆದು ನೋಡಿದರೆ ಮುಕ್ಕಾಲು ಪಾಲಿಗೆ ಹಿಂದೆ ಒಂದು ಆಡಿಟ್ ಪ್ಯಾರಾ, ಅಂದರೆ ಇಂಥದ್ದೇ ಒಂದು ಆಕ್ಷೇಪಣೆ, ಇತ್ತು. ಆ ಪ್ಯಾರಾ ಮುಚ್ಚೋದೇ ಉದ್ದೇಶ. ಅದಕ್ಕೇ ಅವು ಹಳೇ ತಪ್ಪನ್ನು ಚೆನ್ನಾಗಿ ತಡೆಯುತ್ತವೆ, ಹೊಸ ವ್ಯಾಪಾರಿಯನ್ನೂ ಅಷ್ಟೇ ಚೆನ್ನಾಗಿ ತಡೆಯುತ್ತವೆ. ಹಾಗಂತ ನಾನು ಆಡಿಟ್ ಬೇಡ ಅನ್ನುವವನಲ್ಲ. ಆ ಹುಡುಗ ಬರದೇ ಇದ್ದಿದ್ದರೆ ಆ ಮೂರು ಲೆಟರ್‌ಹೆಡ್ ಇವತ್ತಿಗೂ ಓಡಾಡುತ್ತಿದ್ದವು.

ಇನ್ನು ನನ್ನ ಕೆಟ್ಟ ನಿಯಮ. ಒಬ್ಬ ಸರಬರಾಜುದಾರ ಕುರ್ಚಿ ಕೊಡುತ್ತೇನೆ ಅಂತ ಹೇಳಿ ಅರ್ಧ ಕೊಟ್ಟು ಕೈಯೆತ್ತಿದ. ಸಾಹೇಬರು ಸಿಟ್ಟಾದರು, "ಅನುಭವ ಇರೋರನ್ನೇ ತಗೋಬೇಕು, ಒಂದು ಟಿಪ್ಪಣಿ ಹಾಕ್ರಿ" ಅಂದರು. ನಾನು ಹಾಕಿದೆ: ಸರ್ಕಾರಿ ಕಚೇರಿಗೆ ಇದೇ ಮಾಲನ್ನು ಐದು ವರ್ಷ ಪೂರೈಸಿದ ಅನುಭವ ಇರಬೇಕು. ಸಹಿ ಆಯಿತು. ಮುಂದಿನ ಟೆಂಡರಿಗೆ ಬಂದವರು ಇಬ್ಬರೇ. ಇಬ್ಬರೂ ಹೊರಗಿನವರು, ದರ ಹಿಂದಿನದಕ್ಕಿಂತ ಜಾಸ್ತಿ. ಹುಬ್ಬಳ್ಳಿಯಿಂದ ಒಬ್ಬ ಹುಡುಗ ಬಂದು ನನ್ನ ಮೇಜಿನ ಮುಂದೆ ನಿಂತ. "ಸರ, ಐದು ವರ್ಷದ ಅನುಭವ ಬೇಕಂದ್ರ ಮೊದಲನೇ ವರ್ಷ ಯಾರು ಕೊಡ್ತಾರ್ರಿ ನಮಗ?" ಅಂದ. ಉತ್ತರ ಇರಲಿಲ್ಲ. ಆ ಟೆಂಡರ್ ರದ್ದಾಯಿತು. ಷರತ್ತು ಬದಲಿಸೋಕೆ ಮಾತ್ರ ಏಳು ತಿಂಗಳು ಹಿಡಿಯಿತು. ಯಾಕೆ ಗೊತ್ತಾ? ನಿಯಮ ಬಿಗಿ ಮಾಡಿದರೆ ಯಾರೂ ಪ್ರಶ್ನೆ ಕೇಳೋದಿಲ್ಲ. ಸಡಿಲ ಮಾಡೋಕೆ ಹೊರಟರೆ "ಯಾರಿಗೋಸ್ಕರ?" ಅನ್ನುವ ಪ್ರಶ್ನೆ ಪ್ರತಿ ಮೇಜಿನಲ್ಲೂ ಬರುತ್ತದೆ. ಫೈಲು ಹಿಡಿದವನ ಮುಖ ನೋಡುತ್ತಾರೆ.

ರೂಪಾಯಿಯ ಮಿತಿಗಳಿಗೂ ಇದೇ ಗತಿ. ಕೇಂದ್ರದ ಜಿಎಫ್‌ಆರ್ 2005ರಲ್ಲಿ ಬಂದಾಗ ಕೊಟೇಶನ್ ಇಲ್ಲದೆ ಕೊಳ್ಳಲು ಮಿತಿ 15,000 ರೂಪಾಯಿ. ಮೂರು ಜನರ ಸ್ಥಳೀಯ ಖರೀದಿ ಸಮಿತಿ ಮಾರುಕಟ್ಟೆಗೆ ಹೋಗಿ ವಿಚಾರಿಸಿ ಕೊಳ್ಳುವ ಮಿತಿ 1 ಲಕ್ಷ. ಹೊಸ ಜಿಎಫ್‌ಆರ್ ಬಂದದ್ದು 2017ರಲ್ಲಿ. ಆಗ ಇವು 25,000 ಮತ್ತು 2.5 ಲಕ್ಷ ಆದವು. ನಡುವಿನ ಹನ್ನೆರಡು ವರ್ಷದಲ್ಲಿ ಕಬ್ಬಿಣದ ರೇಟು ಎಷ್ಟಾಯಿತು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮಿತಿ ನಿಂತಲ್ಲೇ ನಿಂತು ಬೆಲೆ ಏರಿದಾಗ ಕಚೇರಿಗಳು ಕೆಲಸ ತುಂಡು ಮಾಡುತ್ತವೆ. ಎಂಟು ಕಪಾಟು ಬೇಕಿದ್ದರೆ ನಾಲ್ಕು ಈ ತಿಂಗಳು, ನಾಲ್ಕು ಮುಂದಿನ ತಿಂಗಳು. ಹಾಗೆ ಒಡೆಯಬಾರದು ಅಂತ ಜಿಎಫ್‌ಆರ್‌ನಲ್ಲೇ ಸ್ಪಷ್ಟವಾಗಿ ಬರೆದಿದೆ. ಆದರೂ ಮಾರ್ಚ್ ಬಂತು ಅಂದರೆ ಮಿತಿಗೆ ನೂರು ರೂಪಾಯಿ ಕಮ್ಮಿ ಇರುವ ಬಿಲ್ಲುಗಳು ಸಾಲುಗಟ್ಟುತ್ತವೆ. ಹೋದ ವರ್ಷ ನಿಮಗೆ ಸಿಕ್ಕ ಆರ್ಡರ್ ಹೀಗೆ ಒಡೆದದ್ದಾಗಿದ್ದು, ಈ ವರ್ಷ ಆಡಿಟ್ ಅದನ್ನು ಹಿಡಿದಿದ್ದರೆ, ಆ ಕಚೇರಿ ಈಗ ಒಟ್ಟಿಗೇ ಟೆಂಡರ್ ಕರೆಯುವುದು ಸಹಜ. ನನ್ನ ಅಂದಾಜು ಇದೇ.

ಮೇಲಿನಿಂದ ಬರುವ ಬದಲಾವಣೆಗಳೂ ಇವೆ. ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ 17.15%, ಪಂಗಡದವರಿಗೆ 6.95% ಕಾಮಗಾರಿ ಮೀಸಲು ಅಂತ ಕೆಟಿಪಿಪಿ ತಿದ್ದುಪಡಿ ಬಂತು. ಮೊದಲು 50 ಲಕ್ಷದವರೆಗಿನ ಕಾಮಗಾರಿಗೆ ಇತ್ತು, 2023ರಲ್ಲಿ 1 ಕೋಟಿಗೆ ಏರಿಸಿದರು. ಇಂಥವು ಗೆಜೆಟ್‌ನಲ್ಲಿ ಬರುತ್ತವೆ, ಯಾರಿಗೂ ಗುಟ್ಟಲ್ಲ.

ಕೆಲವೊಮ್ಮೆ ಖರೀದಿ ನಿಯಮದ ಒಂದು ಅಕ್ಷರವೂ ಬದಲಾಗದೆ ಖರೀದಿ ಪೂರ್ತಿ ಬದಲಾಗುತ್ತದೆ. ಇದಕ್ಕೆ ಹುಬ್ಬಳ್ಳಿಯ ಬೆಂಗೇರಿಯಷ್ಟು ಒಳ್ಳೆ ಉದಾಹರಣೆ ಬೇರೆ ಇಲ್ಲ. ಅಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡದಂತೆ ರಾಷ್ಟ್ರಧ್ವಜ ತಯಾರಾಗುತ್ತದೆ. ಧ್ವಜ ಕೈಯಿಂದ ನೂತು, ಕೈಯಿಂದ ನೇಯ್ದ ಬಟ್ಟೆಯದೇ ಇರಬೇಕು ಅಂತ ಧ್ವಜಸಂಹಿತೆಯಲ್ಲಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿಯಲ್ಲಿ ಪಾಲಿಯೆಸ್ಟರ್ ಮತ್ತು ಯಂತ್ರದಲ್ಲಿ ಮಾಡಿದ ಬಟ್ಟೆಗೂ ಒಪ್ಪಿಗೆ ಸಿಕ್ಕಿತು. ಕೊಟೇಶನ್ ಕರೆಯುವ ಕ್ರಮ ಹಾಗೇ ಇದೆ, ಕಡಿಮೆ ದರದವನಿಗೆ ಕೊಡುವ ಕ್ರಮವೂ ಹಾಗೇ ಇದೆ. ಆದರೆ ಖಾದಿಯವರು ಈಗ ಪಾಲಿಯೆಸ್ಟರ್ ಜೊತೆ ದರದಲ್ಲಿ ಕುಸ್ತಿ ಹಿಡಿಯಬೇಕು. ಅದರ ಮುಂದಿನ ವರ್ಷ ಅವರು ಪ್ರತಿಭಟನೆಗೆ ಇಳಿದದ್ದು ಸುಮ್ನೆ ಅಲ್ಲ. ನಿಮ್ಮ ಬೆಂಚಿಗೂ ಇದೇ ಅನ್ವಯ: ಷರತ್ತುಗಳ ಪುಟ ಓದುವ ಮೊದಲು ಮಾಲಿನ ವಿವರಣೆಯ ಪುಟ ಓದಿ. ಪೈಪಿನ ದಪ್ಪ, ಪ್ಲೈವುಡ್ ಗ್ರೇಡು, ಐಎಸ್ಐ ಗುರುತು. ಆಟ ಅಲ್ಲೇ ಮುಗಿದಿರುತ್ತದೆ ಎಷ್ಟೋ ಸಲ.

ಹಾಗಾದರೆ ಈಗ ನೀವು ಮಾಡಬೇಕಾದದ್ದು. ಜಗಳ ಬೇಡ. ಆ ಕಚೇರಿಗೆ ಹೋಗಿ ಬದಲಾದ ನಿಯಮದ ಸಂಖ್ಯೆ ಮತ್ತು ದಿನಾಂಕ ಕೇಳಿ. ಸುತ್ತೋಲೆ ನಿಜವಾಗಿ ಇದ್ದರೆ ಸಂಖ್ಯೆ ಇರಲೇಬೇಕು. "ಮೌಖಿಕವಾಗಿ ಹೇಳಿದ್ದಾರೆ" ಅಂದರೆ ಅದು ನಿಯಮ ಅಲ್ಲ, ಅದು ಸಾಹೇಬರ ಇವತ್ತಿನ ಮೂಡು. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 2005ರ ಆ ಕಾಯ್ದೆಯ 4(1)(ಬಿ) ಪ್ರಕಾರ ಕಚೇರಿ ತನ್ನ ನೌಕರರು ಬಳಸುವ ನಿಯಮ, ಸೂಚನೆ, ಕೈಪಿಡಿಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ನಮ್ಮ ರಾಜ್ಯದಲ್ಲಿ ಶುಲ್ಕ 10 ರೂಪಾಯಿ, ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ. ಉತ್ತರಕ್ಕೆ 30 ದಿನ. "ಯಾಕೆ ನನಗೆ ಕೊಡಲಿಲ್ಲ" ಅಂತ ಬರೆಯಬೇಡಿ, ಅದಕ್ಕೆ ಉತ್ತರ ಬರೋದಿಲ್ಲ. "ಪೀಠೋಪಕರಣ ಖರೀದಿಗೆ ಈಗ ಜಾರಿಯಲ್ಲಿರುವ ಸುತ್ತೋಲೆಯ ಪ್ರತಿ ಕೊಡಿ" ಅಂತ ಕೇಳಿ.

ಟೆಂಡರ್ ಕರೆದಾಗ ಅನುಭವದ ಷರತ್ತು ಜಾಸ್ತಿ ಅನ್ನಿಸಿದರೆ, ಬಿಡ್ ಹಾಕುವ ಕೊನೇ ದಿನಕ್ಕೆ ಮೊದಲೇ ಲಿಖಿತವಾಗಿ ಕೇಳಿ. ಟೆಂಡರ್ ಬೇರೆಯವರಿಗೆ ಹೋದ ಮೇಲೆ ಮೇಲ್ಮನವಿಗೆ ಕೆಟಿಪಿಪಿ ಕಾಯ್ದೆಯ 16ನೇ ಪ್ರಕರಣದಲ್ಲಿ ದಾರಿ ಇದೆ, 30 ದಿನದೊಳಗೆ ಹಾಕಬೇಕು. ಆದರೆ ತೆರೆಯುವ ಮುಂಚೆ ಬಂದ ಒಂದು ಪುಟದ ಪತ್ರಕ್ಕೆ ಕೇಸ್ ವರ್ಕರ್ ಹೆದರುವಷ್ಟು ಆಮೇಲೆ ಬಂದ ಹತ್ತು ಪುಟದ ಮನವಿಗೆ ಹೆದರೋದಿಲ್ಲ. ಆ ಪತ್ರ ಫೈಲಿನಲ್ಲಿ ಕೂತುಬಿಡುತ್ತದೆ, ನಾಳೆ ಆಡಿಟ್ ಓದುತ್ತದೆ. ನನಗೆ ಗೊತ್ತು, ನಾನು ಹೆದರಿದ್ದೇನೆ.

ಪತ್ರ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು, ದಿನಾಂಕ ಹಾಕಿಸಿಕೊಳ್ಳೋದು ಮರೀಬೇಡಿ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ಊಟದ ಹೊತ್ತು ದಾಟಿದ ಮೇಲೆ ಟಪಾಲು ಶಾಖೆಯಲ್ಲಿ ಸೀಲು ಇರುತ್ತದೆ, ಹಾಕುವವರು ಇರೋದಿಲ್ಲ.